ಮೆಟ್ಟಿಲ ಕೆಳಗಿನ ವಿದ್ಯಾರ್ಥಿನಿ

ಮೊದಲಿಗೇ ಒಂದು ಅರಿಕೆ. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಾನೂನು ನನ್ನ ಕ್ಷೇತ್ರವಲ್ಲ. ವೈದ್ಯಶಾಸ್ತ್ರವಂತೂ ಅಲ್ಲವೇ ಅಲ್ಲ. ಶಿಕ್ಷಣವನ್ನು ಕುರಿತು ಕಾಲು ಗಂಟೆ ಮಾತನಾಡಿ ಎಂದು ಆಕಾಶವಾಣಿಯವರು ಕೇಳಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ತರಗತಿಯಲ್ಲಿ ಓದಿಸುವ ಬಗೆ ಹೇಗೆ ಎಂಬ, ನನಗೆ ರೂಢಿಯಾದ ವಿಷಯವನ್ನೇ ಆರಿಸಿಕೊಳ್ಳಬಹುದಾಗಿತ್ತು. ಅದನ್ನು ಬಿಟ್ಟು ಅಮೆರಿಕದ ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನು ನಿಮ್ಮ ಮುಂದಿಡಲು ಹೊರಟಿದ್ದೇನೆ. ಏಕೆಂಬುದು ಮಾತು ಮುಂದುವರಿದ ಹಾಗೆ ತಾನಾಗಿ ತಿಳಿದೀತು. ಆಕೆಯ ಹೆಸರು ಜೂಡಿತ್ ಹ್ಯೂಮನ್. 2020ರಲ್ಲಿ ಪ್ರಕಟವಾದ ಆಕೆಯ ಆತ್ಮಕಥೆಯನ್ನು ನನ್ನ ಮಗಳು ಓದಲು ಕೊಟ್ಟು ಹೋಗಿದ್ದಳು. ಮಧ್ಯಾಹ್ನದ ನಿದ್ದೆಗೆ ಮುನ್ನ ನಾಲ್ಕು ಪುಟ ತಿರುವಿಹಾಕೋಣವೆಂದು ಕೈಗೆತ್ತಿಕೊಂಡೆ. ಅಂದು ನಿದ್ದೆ ಬರಲಿಲ್ಲ.

ಜೂಡಿತ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ; ಬೆಳೆದದ್ದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ. ತಂದೆ ಮಾಂಸದಂಗಡಿ ನಡೆಸುತ್ತಿದ್ದವರು. ತಂದೆ ತಾಯಿ ಇಬ್ಬರೂ ಎಳೆಯರಾಗಿದ್ದಾಗಲೇ ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದ ಯೆಹೂದ್ಯರು. ಅಲ್ಲೇ ಉಳಿದ ತಮ್ಮ ಹೆತ್ತವರನ್ನು ಅವರು ಮತ್ತೆ ಕಾಣಲಿಲ್ಲ. ಮಗುವಿಗೆ ಒಂದೂವರೆ ವರ್ಷ ತುಂಬಿದಾಗ ಪೋಲಿಯೊ ತಗುಲಿ ಕಾಲುಗಳ ಬಲ ಹೋಯಿತು. ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡಿ, ನಿಮ್ಮ ಬಾಳು ಸುಗಮವಾದೀತು ಎಂದು ವೈದ್ಯರು ಸಲಹೆ ಕೊಟ್ಟರು. ಆ ವೈದ್ಯರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಅಂಗವಿಕಲ ಮಕ್ಕಳನ್ನು ಆರೈಕೆಯ ಹೆಸರಿನಲ್ಲಿ ಕರೆದೊಯ್ದು ಕೊಂದ ದೇಶದಿಂದ ತಪ್ಪಿಸಿಕೊಂಡು ಬಂದಿದ್ದ ದಂಪತಿಗಳಿಗೆ ಆ ಸಲಹೆ ಹೇಗೆ ಕೇಳಿಸಿರಬೇಕು? ಅವರು ಒಪ್ಪಲಿಲ್ಲ.

ಐದನೆಯ ವಯಸ್ಸಿಗೆ ತಾಯಿ ಮಗಳನ್ನು ನೆರೆಯ ಶಾಲೆಗೆ ಕರೆದುಕೊಂಡು ಹೋದರು. ಮುಖ್ಯೋಪಾಧ್ಯಾಯರು ಗಾಲಿಕುರ್ಚಿಯನ್ನು ನೋಡಿ, ಈ ಮಗು ಶಾಲೆಗೆ ಬೆಂಕಿಯ ಅಪಾಯ ಎಂದರು. ಅಂದರೆ, ಶಾಲೆಗೆ ಬೆಂಕಿ ಬಿದ್ದರೆ ಈ ಕುರ್ಚಿ ಉಳಿದ ಮಕ್ಕಳ ದಾರಿಗೆ ಅಡ್ಡವಾದೀತು ಎಂದು ಅರ್ಥ. ಬಳಿಕ ತಾಯಿ ಯೆಹೂದ್ಯರ ಧಾರ್ಮಿಕ ಶಾಲೆಯೊಂದನ್ನು ವಿಚಾರಿಸಿದರು. ಮಗುವಿಗೆ ಹೀಬ್ರೂ ಬರುವುದಾದರೆ ಸೇರಿಸಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ತಾಯಿ ಮಗಳಿಗೆ ಹೀಬ್ರೂ ಕಲಿಸಿಯೇಬಿಟ್ಟರು. ಆಗ ಆ ಶಾಲೆಯವರು ಮಾತು ಹಿಂತೆಗೆದುಕೊಂಡರು. ಕೊನೆಗೆ ಸರಕಾರವೇ ಮನೆಗೆ ಒಬ್ಬ ಶಿಕ್ಷಕಿಯನ್ನು ಕಳುಹಿಸಿತು. ವಾರಕ್ಕೆ ಎರಡು ದಿನ, ಎರಡೂ ಸೇರಿ ಎರಡೂವರೆ ಗಂಟೆಯ ಪಾಠ. ಉಳಿದ ಮಕ್ಕಳು ಒಂದೇ ದಿನದ ಮಧ್ಯಾಹ್ನದೊಳಗೆ ಪಡೆಯುವಷ್ಟನ್ನು ಆ ಹುಡುಗಿ ಒಂದು ವಾರದಲ್ಲಿ ಪಡೆಯಬೇಕಾಗಿತ್ತು.

ಒಂಬತ್ತನೆಯ ವರ್ಷಕ್ಕೆ ಶಾಲೆ ಸಿಕ್ಕಿತು. ಅಂಗವಿಕಲ ಮಕ್ಕಳ ಪ್ರತ್ಯೇಕ ತರಗತಿ ಅದು. ನಡೆಯುತ್ತಿದ್ದುದು ಶಾಲೆಯ ನೆಲಮಾಳಿಗೆಯಲ್ಲಿ. ಮೇಲಿನ ಮಕ್ಕಳು ಮೇಲೆ, ಕೆಳಗಿನ ಮಕ್ಕಳು ಕೆಳಗೆ. ಪ್ರೌಢಶಾಲೆಯ ಹೊತ್ತಿಗೆ ಇಂಥ ಮಕ್ಕಳನ್ನು ಪುನಃ ಮನೆಪಾಠಕ್ಕೇ ಅಟ್ಟುವ ಪದ್ಧತಿಯಿತ್ತು. ತಾಯಿ ಬೇರೆ ಮಕ್ಕಳ ತಂದೆತಾಯಿಗಳನ್ನೂ ಕೂಡಿಸಿ ಆಡಳಿತದವರೊಡನೆ ಹೋರಾಡಿ ಆ ಪದ್ಧತಿಯನ್ನು ಮುರಿದರು. ಹಾಗಾಗಿ 1961ರಲ್ಲಿ ಜೂಡಿತ್ ಪ್ರೌಢಶಾಲೆ ಸೇರಿದಳು. ಅಲ್ಲಿಂದ ಹೊರಬೀಳುವ ದಿನದ ಸಮಾರಂಭದಲ್ಲಿ ಅವಳಿಗೊಂದು ಬಹುಮಾನವಿತ್ತು, ವೇದಿಕೆಗೆ ಮಾತ್ರ ಮೆಟ್ಟಿಲಿತ್ತು. ಅಲ್ಲೇ ಕೆಳಗೆ ಕುಳಿತು ಬಹುಮಾನ ತೆಗೆದುಕೊಳ್ಳಲಿ ಎಂದರು ಮುಖ್ಯೋಪಾಧ್ಯಾಯರು. ಹುಡುಗಿ ಅತ್ತಳು, ತಂದೆ ಜಗ್ಗಲಿಲ್ಲ. ಕೊನೆಗೆ ಕುರ್ಚಿ ವೇದಿಕೆಯ ಮೇಲೇನೋ ಹೋಯಿತು, ಆದರೆ ಎಲ್ಲರ ಹಿಂದೆ. ನಮ್ಮ ಕಾಲೇಜುಗಳ ವಾರ್ಷಿಕೋತ್ಸವಗಳನ್ನು ಬಲ್ಲ ನನಗೆ ಈ ದೃಶ್ಯವನ್ನು ಕಲ್ಪಿಸಿಕೊಳ್ಳಲು ಏನೂ ಕಷ್ಟವಾಗಲಿಲ್ಲ.

ಮುಂದೆ ಆಕೆ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯವನ್ನು ಸೇರಿದಳು. ಉಪಾಧ್ಯಾಯಿನಿಯಾಗಬೇಕೆಂಬುದು ಅವಳ ಆಸೆ. ಅಂಗವಿಕಲರ ಓದಿಗೆ ಹಣ ಕೊಡುವ ಸರಕಾರಿ ಇಲಾಖೆಯೊಂದಿತ್ತು. ಆದರೆ ಓದಿನ ಕೊನೆಗೆ ಉದ್ಯೋಗ ದೊರೆಯುತ್ತದೆ ಎಂಬ ಭರವಸೆಯಿದ್ದರೆ ಮಾತ್ರ ಅದು ಹಣ ಕೊಡುತ್ತಿತ್ತು. ಗಾಲಿಕುರ್ಚಿಯಲ್ಲಿ ಕುಳಿತ ಉಪಾಧ್ಯಾಯರು ನಗರದ ಶಾಲೆಗಳಲ್ಲಿ ಯಾರೂ ಇರಲಿಲ್ಲ. ಇಲ್ಲದ್ದರಿಂದ ಆ ಓದಿಗೆ ಹಣವಿಲ್ಲ. ಹಣವಿಲ್ಲದ್ದರಿಂದ ಅಂಥ ಉಪಾಧ್ಯಾಯರು ಹುಟ್ಟುವ ಬಗೆಯೂ ಇಲ್ಲ. ಈ ಸುಳಿಯನ್ನು ಅರಿತಿದ್ದ ಹಿರಿಯ ಅಂಗವಿಕಲ ಗೆಳೆಯರು ಅವಳಿಗೆ ಒಂದು ಗುಟ್ಟು ಹೇಳಿಕೊಟ್ಟರು: ಮೇಷ್ಟರ ಮಾತನ್ನೇ ಎತ್ತಬೇಡ, ಮಾತಿನ ದೋಷಗಳ ಚಿಕಿತ್ಸೆಯನ್ನು ಕಲಿಯುತ್ತೇನೆ ಎನ್ನು. ಅವಳು ಹಾಗೆಯೇ ಹೇಳಿ ಹಣ ಪಡೆದು, ಶಿಕ್ಷಣಶಾಸ್ತ್ರವನ್ನು ಪಕ್ಕದ ವಿಷಯವಾಗಿ ಓದಿಕೊಂಡಳು. ಸುಳ್ಳು ಎನ್ನುವವರು ಎನ್ನಲಿ, ನನಗೇನೋ ಅದು ಜಾಣತನವಾಗಿಯೇ ಕಂಡಿತು.

ವಿದ್ಯಾರ್ಥಿ ಮುಂದಾಳಾಗಿ ಆಕೆ ರೂಪುಗೊಂಡದ್ದು ಅಲ್ಲಿಯೇ. ತರಗತಿಯ ಕಟ್ಟಡಕ್ಕೆ ಮೆಟ್ಟಿಲು. ವಿದ್ಯಾರ್ಥಿನಿಲಯದಲ್ಲಿ ಗಾಲಿಕುರ್ಚಿಗೆ ಅನುಕೂಲವಿಲ್ಲ. ಪ್ರತಿದಿನವೂ ಯಾರನ್ನಾದರೂ ಬೇಡಿ, ಕುರ್ಚಿ ಎತ್ತಿಸಿಕೊಂಡು ಒಳಗೆ ಹೋಗಬೇಕು. ಎತ್ತುವವರು ಒಳ್ಳೆಯವರೇ. ಆದರೆ ಅವರು ಬಾರದ ದಿನ ಪಾಠವಿಲ್ಲ. ಬೇಡಿ ಪಡೆಯುವ ಈ ನೆರವಿಗೂ ನೇರವಾಗಿ ಒಳಹೋಗುವ ಇಳಿಜಾರು ದಾರಿಗೂ ಇರುವ ಅಂತರವೇನೆಂಬುದನ್ನು ಆಕೆ ದಿನದಿನವೂ ಮೈಯಲ್ಲೇ ಅನುಭವಿಸಿದಳು. ಅಂಗವಿಕಲರನ್ನೂ ಅಲ್ಲದವರನ್ನೂ ಕೂಡಿಸಿಕೊಂಡು, ಇಳಿಜಾರು ದಾರಿಗಾಗಿ, ನಿಲಯದಲ್ಲಿ ವಾಸಿಸುವ ಹಕ್ಕಿಗಾಗಿ ಸಭೆಗಳನ್ನೂ ಪ್ರತಿಭಟನೆಗಳನ್ನೂ ನಡೆಸಿದಳು. 1969ರಲ್ಲಿ ಪದವಿ ದೊರೆಯಿತು.

ಓದು ಮುಗಿಯಿತು, ಇನ್ನು ಉದ್ಯೋಗ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಪಾಠ ಹೇಳಲು ಶಿಕ್ಷಣ ಮಂಡಳಿಯ ಅನುಮತಿ ಪತ್ರ ಬೇಕು. ಅದಕ್ಕೆ ಮೂರು ಪರೀಕ್ಷೆಗಳು: ಬರವಣಿಗೆ, ಮೌಖಿಕ ಮತ್ತು ದೇಹಪರೀಕ್ಷೆ. ಮೊದಲೆರಡರಲ್ಲಿ ತೇರ್ಗಡೆ. ಮೂರನೆಯದರಲ್ಲಿ, ಬಚ್ಚಲುಮನೆಗೆ ಹೇಗೆ ಹೋಗುತ್ತೀಯೆ, ತೋರಿಸು ಎಂದು ವೈದ್ಯೆಯೊಬ್ಬರು ಕೇಳಿದರಂತೆ. ಉಪಾಧ್ಯಾಯರ ಯೋಗ್ಯತೆಯನ್ನು ಅಳೆಯುವ ಅಳತೆಗೋಲು ಇದು! ಎರಡೂ ಕಾಲುಗಳಿಗೆ ಪಾರ್ಶ್ವವಾಯು ಎಂಬ ಕಾರಣ ಕೊಟ್ಟು ಮಂಡಳಿ ಅನುಮತಿಯನ್ನು ನಿರಾಕರಿಸಿತು. ಅಪಘಾತವೇನಾದರೂ ಸಂಭವಿಸಿದರೆ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಹೇಗೆ ಎಂಬುದು ಅವರ ವಾದ. ಐದು ವರ್ಷದ ಹುಡುಗಿಯನ್ನು ಶಾಲೆಯಿಂದ ಹೊರಗಿಟ್ಟ ಬೆಂಕಿಯೇ ಇಪ್ಪತ್ತೆರಡು ವರ್ಷದ ಪದವೀಧರೆಯನ್ನೂ ಹೊರಗಿಟ್ಟಿತು.

1970ರಲ್ಲಿ ಆಕೆ ಮಂಡಳಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಏರಿದರು ಎಂದು ವಾಡಿಕೆಯ ಮಾತಿನಲ್ಲಿ ಹೇಳಿಬಿಟ್ಟೆ, ನೋಡಿ. ನಮ್ಮ ನುಡಿಗಟ್ಟುಗಳಲ್ಲಿಯೂ ಎಷ್ಟೊಂದು ಮೆಟ್ಟಿಲು! ಪತ್ರಿಕೆಗಳು ಸುದ್ದಿಯನ್ನು ಎತ್ತಿಕೊಂಡವು. ಪೋಲಿಯೊ ಬಂದವರು ರಾಷ್ಟ್ರಾಧ್ಯಕ್ಷರಾಗಬಹುದು, ಮೇಷ್ಟರಾಗುವಂತಿಲ್ಲ ಎಂಬ ಅರ್ಥದ ತಲೆಬರಹವನ್ನು ಒಂದು ಪತ್ರಿಕೆ ಕೊಟ್ಟಿತು. 1921ರಲ್ಲಿ ಪೋಲಿಯೊಗೆ ಗುರಿಯಾದ ರೂಸ್‌ವೆಲ್ಟ್ ನಾಲ್ಕು ಬಾರಿ ಅಧ್ಯಕ್ಷರಾಗಿ ಚುನಾಯಿತರಾಗಿದ್ದವರಲ್ಲವೆ! ಮೊಕದ್ದಮೆ ಬಂದದ್ದು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಎಂಬ ನ್ಯಾಯಾಧೀಶೆಯ ಮುಂದೆ. ಅಮೆರಿಕದ ಒಕ್ಕೂಟ ನ್ಯಾಯಾಲಯಗಳಿಗೆ ನೇಮಕಗೊಂಡ ಮೊದಲ ಕಪ್ಪು ಮಹಿಳೆ ಅವರು. ವಕೀಲರಾಗಿದ್ದ ದಿನಗಳಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆ ಮುಚ್ಚಿದ್ದ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಸಲು ವಾದಿಸಿದ್ದವರು. ಮಂಡಳಿ ತನ್ನ ತೀರ್ಮಾನವನ್ನು ಮರುಪರಿಶೀಲಿಸುವುದು ಒಳಿತೆಂದು ಅವರು ಸೂಚಿಸಿದರು. ಮಂಡಳಿಗೆ ಸೂಚನೆ ಅರ್ಥವಾಯಿತು. ಅನುಮತಿ ಪತ್ರ ಬಂತು.

ಕಥೆ ಇಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ಪತ್ರ ಕೈಯಲ್ಲಿದೆ, ಕೆಲಸ ಕೊಡುವವರಿಲ್ಲ. ಕೊನೆಗೆ ಕೆಲಸ ಕೊಟ್ಟದ್ದು, ನೆಲಮಾಳಿಗೆಯಲ್ಲಿ ಕೂರಿಸಿ ಕಲಿಸಿದ ಅದೇ ಹಳೆಯ ಶಾಲೆ. ಅಲ್ಲಿ ಆಕೆ ಮೂರು ವರ್ಷ ಪಾಠ ಹೇಳಿದರು. ಅಷ್ಟರಲ್ಲಿ ಗೆಳೆಯರೊಡನೆ ಕೂಡಿ ಅಂಗವಿಕಲರ ಒಂದು ಹೋರಾಟದ ಸಂಘವನ್ನೂ ಕಟ್ಟಿದ್ದರು. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ ಮತ್ತೆ ವಿದ್ಯಾರ್ಥಿನಿಯಾದರು. ಅವರನ್ನು ಅಲ್ಲಿಗೆ ಕರೆಸಿಕೊಂಡವರು ಎಡ್ ರಾಬರ್ಟ್ಸ್. ಅವರದೂ ಪೋಲಿಯೊ, ಕತ್ತಿನ ಕೆಳಗೆ ಬಹುಮಟ್ಟಿಗೆ ಚಲನೆಯಿಲ್ಲ. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅವರ ಉಸಿರಾಟದ ಯಂತ್ರವನ್ನು ಇರಿಸಲು ನಿಲಯದಲ್ಲಿ ಎಡೆಯಿಲ್ಲದೆ, ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ವಾಸಿಸುತ್ತ ಓದಿದವರು.

ಅದೇ 1973ರಲ್ಲಿ ಅಮೆರಿಕದಲ್ಲಿ ಪುನರ್ವಸತಿ ಶಾಸನವೊಂದು ಜಾರಿಗೆ ಬಂತು. ಅದರ ಕೊನೆಯಲ್ಲಿ 504ನೆಯ ವಿಧಿಯೆಂಬ ಒಂದೇ ಒಂದು ವಾಕ್ಯವಿತ್ತು. ಒಕ್ಕೂಟ ಸರಕಾರದ ಹಣ ಪಡೆಯುವ ಯಾವ ಕಾರ್ಯದಿಂದಲೂ, ಅರ್ಹತೆಯುಳ್ಳ ವ್ಯಕ್ತಿಯನ್ನು ಕೇವಲ ಅಂಗವೈಕಲ್ಯದ ಕಾರಣದಿಂದ ಹೊರಗಿಡಕೂಡದು ಎಂಬುದು ಅದರ ತಾತ್ಪರ್ಯ. ಶಾಲೆ, ಕಾಲೇಜು, ಆಸ್ಪತ್ರೆ, ಸರಕಾರಿ ಉದ್ಯೋಗ ಎಲ್ಲವೂ ಈ ವಾಕ್ಯದ ವ್ಯಾಪ್ತಿಯೊಳಗೆ ಬರುತ್ತಿದ್ದವು. ಆದರೆ ಶಾಸನದ ಮಾತು ನಡೆಗೆ ಇಳಿಯಬೇಕಾದರೆ ನಿಯಮಾವಳಿ ಬೇಕು. ಅದಕ್ಕೆ ಸಹಿ ಬೀಳದೆ ನಾಲ್ಕು ವರ್ಷ ಕಳೆಯಿತು. ಪ್ರತಿಯೊಂದು ಕಟ್ಟಡವನ್ನೂ ತಿದ್ದುವ ಖರ್ಚನ್ನು ಲೆಕ್ಕ ಹಾಕಿದವರು ಹಿಂದೆ ನಿಂತು ಎಳೆಯುತ್ತಿದ್ದರು.

1977ರ ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಏಕಕಾಲಕ್ಕೆ ಧರಣಿ ಆರಂಭವಾಯಿತು. ಉಳಿದೆಡೆ ಅದು ಬೇಗನೆ ಮುಗಿಯಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮಾತ್ರ ನೂರಕ್ಕೂ ಮಿಕ್ಕ ಜನ ಸರಕಾರಿ ಕಚೇರಿಯ ಒಳಹೊಕ್ಕು ಮೂರು ವಾರಕ್ಕೂ ಹೆಚ್ಚು ಕಾಲ ಅಲ್ಲಿಯೇ ಉಳಿದರು. ಮುಂದಾಳುಗಳಲ್ಲಿ ಒಬ್ಬರು ಜೂಡಿತ್. ಇತರರ ನೆರವಿಲ್ಲದೆ ಮಗ್ಗುಲು ಹೊರಳಲಾರದವರು, ಹೊತ್ತು ಹೊತ್ತಿಗೆ ಔಷಧಿ ಬೇಕಾದವರು ಆ ಗುಂಪಿನಲ್ಲಿದ್ದರು ಎಂಬುದನ್ನು ನೀವು ನೆನಪಿನಲ್ಲಿಡಬೇಕು. ಅಧಿಕಾರಿಗಳು ದೂರವಾಣಿಯನ್ನು ಕಡಿದುಹಾಕಿದರು. ಒಳಗಿದ್ದ ಕಿವುಡರು ಕಿಟಕಿಯ ಬಳಿ ನಿಂತು, ಹೊರಗಿದ್ದವರೊಡನೆ ಕೈಸನ್ನೆಯ ಭಾಷೆಯಲ್ಲಿ ಮಾತನಾಡಿದರು. ದೂರವಾಣಿಯ ತಂತಿ ಕಡಿದವರಿಗೆ ಆ ಭಾಷೆಯನ್ನು ಕಡಿಯುವುದು ಹೇಗೆಂದು ತೋಚಿರಲಾರದು! ಕಪ್ಪು ಜನರ ಹೋರಾಟದ ಪಕ್ಷವಾದ ಬ್ಲ್ಯಾಕ್ ಪ್ಯಾಂಥರಿನವರು ದಿನವೂ ಬಿಸಿಯೂಟ ತಂದುಕೊಟ್ಟರು. ಒಂದು ತಂಡ ವಾಷಿಂಗ್ಟನ್ನಿಗೆ ಹೋಯಿತು. ಗಾಲಿಕುರ್ಚಿ ಏರಿಸಬಹುದಾದ ವಾಹನವಿಲ್ಲದೆ ಅಲ್ಲಿ ಅವರು ಓಡಾಡಿದ್ದು ಸರಕು ಸಾಗಿಸುವ ಮುಚ್ಚಿದ ಲಾರಿಯಲ್ಲಿ.

ಧರಣಿಯ ನಡುವೆ ಆ ಕಟ್ಟಡದಲ್ಲಿಯೇ ಜನಪ್ರತಿನಿಧಿಗಳ ವಿಚಾರಣಾ ಸಭೆಯೊಂದು ನಡೆಯಿತು. ಇಲಾಖೆಯ ಪ್ರತಿನಿಧಿಯೊಬ್ಬರು ಬಂದಿದ್ದರು. ಜೂಡಿತ್ ಸಾಕ್ಷ್ಯ ನುಡಿಯುತ್ತಿದ್ದಾಗ ಆತ ಸಹಾನುಭೂತಿಯಿಂದ ತಲೆದೂಗುತ್ತ ಕುಳಿತಿದ್ದರು. ಆಕೆಯ ಗಂಟಲು ಬಿಗಿದು ಬಂತು. ನಾವು ಆಡುತ್ತಿರುವುದು ನಿಮಗೆ ಅರ್ಥವಾಗಿದೆಯೆಂದು ನನಗನ್ನಿಸುವುದಿಲ್ಲ, ಆದ್ದರಿಂದ ಒಪ್ಪಿದವರಂತೆ ತಲೆಯಾಡಿಸುವುದನ್ನು ನಿಲ್ಲಿಸಿ ಎಂಬ ಅರ್ಥದಲ್ಲಿ ಆಕೆ ಅವರಿಗೆ ಹೇಳಿದರು. ಈ ಭಾಗವನ್ನು ಓದಿದಾಗ ನಾನು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅದರ ಕಾರಣಕ್ಕೆ ಬರುತ್ತೇನೆ. ಏಪ್ರಿಲ್ 28ರಂದು ನಿಯಮಾವಳಿಗೆ ಸಹಿ ಬಿತ್ತು. 1990ರಲ್ಲಿ ಬಂದ, ಖಾಸಗಿ ಉದ್ಯೋಗಕ್ಕೂ ಅನ್ವಯಿಸುವ ದೊಡ್ಡ ಶಾಸನಕ್ಕೆ ದಾರಿ ಮಾಡಿದ್ದು ಆ ಸಹಿ.

ಭಾಷೆಯನ್ನೇ ನಂಬಿ ಬದುಕಿದ ನನ್ನಂಥವನಿಗೆ ಇಲ್ಲಿ ಒಂದು ಮಾತು ಆಡದೆ ಮುಂದಕ್ಕೆ ಹೋಗಲಾಗದು. ಕುಂಟನಿಗೆ ಎಂಟು ಚೇಷ್ಟೆ ಎಂಬ ಗಾದೆಯನ್ನು ನಾವು ನಗುನಗುತ್ತ ಬಳಸುತ್ತ ಬಂದವರು. ನಮ್ಮ ಕಾಲದಲ್ಲಿ ಅಂಗವಿಕಲ ಎಂಬ ಮಾತು ಬಂತು. ಅನಂತರ ಅದು ಒರಟಾಯಿತೆಂದು ವಿಕಲಚೇತನ ಎಂದರು. ಈಗ ವಿಶೇಷಚೇತನ ಎನ್ನುತ್ತಾರೆ. ಸದುದ್ದೇಶವನ್ನು ಅಲ್ಲಗಳೆಯುವವನಲ್ಲ ನಾನು. ಆದರೆ ಸಮಾಸವನ್ನು ಬಿಡಿಸಿ ನೋಡಿದರೆ, ವಿಕಲಚೇತನ ಎಂಬುದು ಕಾಲಿಗೋ ಕಣ್ಣಿಗೋ ಇದ್ದ ಊನವನ್ನು ಚೇತನಕ್ಕೇ ಅಂಟಿಸುತ್ತದೆಯಲ್ಲ! ಜೂಡಿತ್ ತಮ್ಮ ಭಾಷೆಯ ಹಳೆಯ ನೇರವಾದ ಮಾತನ್ನೇ ಹಿಂಜರಿಕೆಯಿಲ್ಲದೆ ಕೊನೆಯವರೆಗೂ ಬಳಸಿದರು. ನಾನೂ ಈ ಭಾಷಣದಲ್ಲಿ ಹಳೆಯ ಮಾತಿಗೇ ಅಂಟಿಕೊಂಡಿದ್ದೇನೆ. ಯಾರಿಗಾದರೂ ನೋವಾದರೆ ಕ್ಷಮೆಯಿರಲಿ.

ಆ ಹೋರಾಟ ಅಮೆರಿಕದಲ್ಲಿಯೇ ಉಳಿಯಲಿಲ್ಲ. ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ, ಓಹಾಯೊ ರಾಜ್ಯದ ರೈಟ್ ಸ್ಟೇಟ್‌ನಲ್ಲಿ, ಗಾಲಿಕುರ್ಚಿಯನ್ನು ಬಳಸುತ್ತಿದ್ದ ಭಾರತೀಯ ತರುಣರೊಬ್ಬರು ಓದಿದರು. ಅವರು ಜಾವೇದ್ ಆಬಿದಿ. ಹಿಂತಿರುಗಿ ಬಂದು ದೆಹಲಿಯಲ್ಲಿ ಅಂಗವಿಕಲರನ್ನು ಸಂಘಟಿಸಿದರು. 1995ರ ಡಿಸೆಂಬರಿನಲ್ಲಿ ಅವರು ಬೀದಿಗಿಳಿದರು. ಅದೇ ತಿಂಗಳು ನಮ್ಮ ಸಂಸತ್ತು ಅಂಗವಿಕಲರ ಸಮಾನ ಅವಕಾಶದ ಶಾಸನವನ್ನು ಅಂಗೀಕರಿಸಿತು. ಸರಕಾರಿ ಹುದ್ದೆಗಳಲ್ಲಿ ಶೇಕಡಾ 3ರ ಮೀಸಲಾತಿ ಬಂತು. 2016ರ ಹೊಸ ಶಾಸನ ಅದನ್ನು ಶೇಕಡಾ 4ಕ್ಕೆ ಏರಿಸಿ, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳನ್ನು ಕಾದಿರಿಸಿತು. 7 ಬಗೆಯ ವೈಕಲ್ಯಗಳಿದ್ದ ಪಟ್ಟಿ 21ಕ್ಕೆ ಬೆಳೆಯಿತು. ಆಬಿದಿ ತೀರಿಕೊಂಡದ್ದು 2018ರ ಮಾರ್ಚ್ 4ರಂದು. ಐದು ವರ್ಷಗಳ ಬಳಿಕ, 2023ರಲ್ಲಿ, ಅದೇ ಮಾರ್ಚ್ 4ರಂದು ಜೂಡಿತ್ ಕಣ್ಮುಚ್ಚಿದರು.

ಮೀಸಲಾತಿಗಿಂತಲೂ ನನ್ನ ಗಮನ ಸೆಳೆದದ್ದು 2016ರ ಶಾಸನದ ಇನ್ನೊಂದು ಅಂಶ. ಒಬ್ಬ ವ್ಯಕ್ತಿ ಇತರರ ಸಮನಾಗಿ ಓದಲು, ದುಡಿಯಲು ತಕ್ಕಷ್ಟು ಮಾರ್ಪಾಡುಗಳನ್ನು ಮಿತಿಮೀರಿದ ಹೊರೆಯಾಗದಂತೆ ಮಾಡಿಕೊಡಬೇಕು, ಮಾಡಿಕೊಡದಿರುವುದೇ ತಾರತಮ್ಯ ಎಂದು ಅದು ಹೇಳುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಬರಹಗಾರನ ನೆರವು ಕೇಳಿದ್ದರು. ವೈಕಲ್ಯ ಶೇಕಡಾ 40ರಷ್ಟಿಲ್ಲ ಎಂಬುದು ಅದನ್ನು ನಿರಾಕರಿಸಲು ಕಾರಣವಾಗಲಾರದು ಎಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತು. ಮಧ್ಯಪ್ರದೇಶದಲ್ಲಿ ದೃಷ್ಟಿಯಿಲ್ಲದವರು ನ್ಯಾಯಾಧೀಶರ ಹುದ್ದೆಗೆ ಬರದಂತೆ ಒಂದು ನಿಯಮವಿತ್ತು. ತಾಯಿಯೊಬ್ಬರು ಬರೆದ ಪತ್ರವನ್ನೇ ಮೊಕದ್ದಮೆಯಾಗಿ ತೆಗೆದುಕೊಂಡ ಅದೇ ನ್ಯಾಯಾಲಯ 2025ರ ಮಾರ್ಚಿನಲ್ಲಿ ಆ ನಿಯಮವನ್ನು ರದ್ದುಗೊಳಿಸಿತು. ಬ್ರೂಕ್ಲಿನ್ನಿನ ಆ ತಾಯಿ ನನಗೆ ನೆನಪಾದರು.

ಈಗ ನನ್ನ ಮಾತಿಗೆ ಬರುತ್ತೇನೆ. 1993ರಲ್ಲಿ ನಮ್ಮ ಎಂ.ಎ. ತರಗತಿಗೆ ಒಬ್ಬ ಹುಡುಗಿ ಸೇರಿದಳು. ಪೋಲಿಯೊದಿಂದ ಎರಡೂ ಕಾಲು ಸೋತಿದ್ದವು, ಊರುಗೋಲಿನಲ್ಲಿ ನಡೆಯುತ್ತಿದ್ದಳು. ಕನ್ನಡ ವಿಭಾಗ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೊದಲ ವಾರ ಅವಳು ಮೆಟ್ಟಿಲ ಕಂಬಿಯನ್ನು ಹಿಡಿದು ಮೈಯನ್ನು ಎಳೆದುಕೊಂಡು ಮೇಲೆ ಬಂದಳು. ತರಗತಿಗೆ ಬರುವ ಹೊತ್ತಿಗೆ ಪಾಠ ಅರ್ಧ ಮುಗಿದಿರುತ್ತಿತ್ತು. ನನ್ನ ಮನಸ್ಸು ಕರಗಿತು. ಕರೆದು, ‘ಯಾಕಮ್ಮ ಇಷ್ಟು ಕಷ್ಟಪಡ್ತೀಯ? ಹಾಜರಿ ನಾನು ನೋಡ್ಕೋತೀನಿ. ಟಿಪ್ಪಣಿ ಎಲ್ಲ ಮನೆಗೇ ಕಳಿಸ್ತೀನಿ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ ಸಾರ್’ ಎಂದಳು. ಎರಡು ವರ್ಷವೂ ಕೊಟ್ಟ ಮಾತಿನಂತೆ ಟಿಪ್ಪಣಿ ಕಳುಹಿಸಿದೆ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಪ್ರಮಾಣಪತ್ರ ಒಯ್ಯಲು ಬಂದ ದಿನ ಕೆಳಗೆ ಕಚೇರಿಯ ಜಗಲಿಯಲ್ಲಿ ಸಿಕ್ಕಿ, ‘ನಿಮ್ಮ ಟಿಪ್ಪಣಿ ತುಂಬ ಚೆನ್ನಾಗಿತ್ತು ಸಾರ್. ತರಗತಿ ಹೇಗಿತ್ತೋ ಗೊತ್ತಾಗಲಿಲ್ಲ’ ಎಂದಳು. ನಾನು ನಕ್ಕು ತಲೆಯಾಡಿಸಿದೆ.

ಕೆಳಗಿನ ಅಂತಸ್ತಿನಲ್ಲಿ ಆಗ ಎರಡು ಕೊಠಡಿಗಳಲ್ಲಿ ಮುರಿದ ಬೆಂಚುಗಳನ್ನೂ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನೂ ತುಂಬಿಟ್ಟಿದ್ದರು. ಬೆಂಚುಗಳನ್ನು ಮೇಲಕ್ಕೆ ಸಾಗಿಸಿ ತರಗತಿಯನ್ನು ಕೆಳಕ್ಕೆ ತರಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವಚನಕಾರರ ಸಮಾನತೆಯನ್ನು ನಾನು ಮೇಲಿನ ಮಹಡಿಯಲ್ಲಿ ಪಾಠ ಹೇಳುತ್ತಿದ್ದೆ.

ಬಳಿಕ ಅವಳು ಉಪನ್ಯಾಸಕರ ಹುದ್ದೆಯೊಂದಕ್ಕೆ ಅರ್ಜಿ ಹಾಕಿ ನನ್ನ ಶಿಫಾರಸು ಪತ್ರ ಕೇಳಿದಳು. ಅಂಗವೈಕಲ್ಯವಿದ್ದರೂ ಪ್ರತಿಭಾವಂತೆ ಎಂದು ಬರೆದುಕೊಟ್ಟೆ. ಆ ‘ಇದ್ದರೂ’ ಎಂಬ ಅವ್ಯಯದ ಭಾರ ವ್ಯಾಕರಣ ಕಲಿಸುವ ನನಗೆ ಅಂದು ತಿಳಿಯಲಿಲ್ಲ. ಸಂದರ್ಶನದಲ್ಲಿ, ನಿಂತು ಕಪ್ಪುಹಲಗೆಯ ಮೇಲೆ ಹೇಗೆ ಬರೆಯುತ್ತೀರಿ ಎಂದು ಕೇಳಿದರಂತೆ. ಕೆಲಸ ಸಿಗಲಿಲ್ಲ. ಈಗ ಅವಳು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ನನ್ನ ದಯೆಯ ನಿದರ್ಶನವೆಂದು ಈ ಟಿಪ್ಪಣಿಗಳ ಕಥೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದುಂಟು.

ಜೂಡಿತ್ ಹ್ಯೂಮನ್‌ರ ಪುಸ್ತಕವನ್ನು ಮುಗಿಸಿದ ಮೇಲೆ ಒಮ್ಮೆ ನಮ್ಮ ಹಳೆಯ ಕಾಲೇಜಿಗೆ ಹೋಗಿಬಂದೆ. ಮುಂಬಾಗಿಲ ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಿದ್ದಾರೆ. ಅದರ ಉದ್ದಕ್ಕೂ ಸ್ಕೂಟರುಗಳನ್ನು ನಿಲ್ಲಿಸಿದ್ದರು. ಎಂ.ಎ. ಕನ್ನಡ ತರಗತಿ ಈಗಲೂ ಎರಡನೆಯ ಮಹಡಿಯಲ್ಲಿಯೇ ನಡೆಯುತ್ತದೆ, ಲಿಫ್ಟಿಲ್ಲ. ಕೆಳಗಿನ ಕೊಠಡಿಗಳ ಬೀಗವನ್ನು ತೆಗೆಸಿ ನೋಡಿದೆ: ಬೆಂಚುಗಳು ಬೇರೆ, ಕೊಠಡಿ ಅದೇ. ತರಗತಿಯನ್ನು ಅಲ್ಲಿಗೆ ಇಳಿಸಬೇಕೆಂದು, 2016ರ ಶಾಸನವನ್ನೂ ಹೆಸರಿಸಿ, ಪ್ರಾಂಶುಪಾಲರಿಗೆ ಒಂದು ಪತ್ರ ಬರೆದಿದ್ದೇನೆ. ಅದರ ಪ್ರತಿಯನ್ನು ಆ ಹುಡುಗಿಗೂ ಅಂಚೆಯಲ್ಲಿ ಕಳುಹಿಸಿದೆ. ಹುಡುಗಿ ಎನ್ನುವುದು ನನ್ನ ರೂಢಿ, ಅವಳಿಗೀಗ ಐವತ್ತು ದಾಟಿದೆ. ಪ್ರಾಂಶುಪಾಲರಿಂದ ಇನ್ನೂ ಉತ್ತರ ಬಂದಿಲ್ಲ. ಅವಳಿಂದ ಒಂದು ಕಾರ್ಡು ಬಂತು. ಪತ್ರದ ಮೂರನೆಯ ಸಾಲಿನಲ್ಲಿ ‘ದಯವಿಟ್ಟು’ ಎಂದು ಬರೆದಿದ್ದೀರಿ ಸಾರ್, ಮುಂದಿನ ಸಲ ಅದನ್ನು ತೆಗೆದುಬಿಡಿ ಎಂದಿದ್ದಾಳೆ.